ಹಿಪ್ಪುನೇರಳೆ ಮರದಡಿಯ ರುಮೆನ್

ಅಕ್ಟೋಬರ್ 3, ಸೋಮವಾರ

ಇವತ್ತೂ ಮಂಜು. ಮಾರಿತ್ಸಾ ನದಿ ಕಂಡು ಎಷ್ಟು ದಿನವಾಯಿತೋ. ಗಡಿಯಲ್ಲಿ ಸಾಲುಗಟ್ಟಿದ ಟ್ರಕ್ಕುಗಳ ದೀಪಗಳು ಮಾತ್ರ ತೇಲುತ್ತಿದ್ದವು. ಬಸ್ಸಿಳಿದು ಆಫೀಸಿಗೆ ನಡೆದದ್ದು ನೆನಪೇ ಇಲ್ಲ, ಅರ್ಧ ನಿದ್ದೆ…

ಒಂದೇ ಕೋಣೆ, ಮೂರು ದೇಶದ ಪೊಲೀಸರು. ಕಿಟಕಿ ಪಕ್ಕ ಗ್ರೀಸಿನ ಸ್ತಮಾತಿಸ್, ಬಾಗಿಲ ಪಕ್ಕ ಟರ್ಕಿಯ ತುಂಜಾಯ್. ನಡುವೆ ಬಲ್ಗೇರಿಯಾದ ನಾನು. ಬಾಂಬ್ ಇಡುವವರು ಗಡಿ ದಾಟುವಷ್ಟು ಬೇಗ ನಮ್ಮ ಕಾಗದ ದಾಟುವುದಿಲ್ಲ ಅಂತ ಈ ಕೇಂದ್ರ ತೆರೆದರು. ಆದರೂ ಕಾಗದ ತಪ್ಪಿಲ್ಲ. ಸ್ತಮಾತಿಸ್ ತುಂಜಾಯ್‌ನಿಂದ ಒಬ್ಬನ ಹೆಸರು ಕೇಳಬೇಕಾದರೆ ಬರೆದು ಕೊಡಬೇಕು, ನಾನು ಸೀಲು ಹೊಡೆಯಬೇಕು, ಆಮೇಲೆ ತುಂಜಾಯ್ ಓದಬೇಕು. ಇಬ್ಬರೂ ಒಂದೇ ತಟ್ಟೆಯ ಆಲಿವ್ ತಿನ್ನುತ್ತಲೇ ಇದೆಲ್ಲ ನಡೆಯುತ್ತದೆ.

"ಬೀಜ ನನ್ನ ಮೇಜಿನ ಕಡೆ ಉಗೀಬೇಡ ಮಾರಾಯ. ಗಡಿ ಉಲ್ಲಂಘನೆ ಅದು," ಎಂದ ತುಂಜಾಯ್.

"ಅರ್ಜಿ ಬರ್ಕೊಡು. ವಾಪಸ್ ತಗೋತೀನಿ."

ಮಧ್ಯಾಹ್ನ ರುಸ್ತೆಮ್ ಅಣ್ಣನ ಫೋನ್, ಟರ್ಕಿಯ ಬುರ್ಸಾದಿಂದ. ಅವನ ಟ್ರಕ್ಕಿಗೆ ಟವೆಲ್ ಲೋಡು ಸಿಕ್ಕಿದೆ, ಶುಕ್ರವಾರ ನಮ್ಮ ಗಡಿಗೆ ಬರುತ್ತಾನೆ. "ಏನು ತರ್ಲಿ ಪುಟ್ಟಿ?" ನೀನು ಬಂದರೆ ಸಾಕು ಅಂದೆ. "ಅಷ್ಟು ಅಗ್ಗಕ್ಕೆಲ್ಲ ಮುಗಿಸ್ಬೇಡ ನನ್ನನ್ನ" ಅಂದ. ನಲವತ್ತಾರಾದರೂ ಹುಡುಗಾಟ ಬಿಟ್ಟಿಲ್ಲ.

ಅಕ್ಟೋಬರ್ 4, ಮಂಗಳವಾರ

ಯಾರಿಗೂ ಇನ್ನೂ ಹೇಳಿಲ್ಲ. ಮೊದಲು ಇಲ್ಲಿ ಬರೆಯುತ್ತೇನೆ.

ಉತ್ತರದ ಒಂದು ದೇಶದಿಂದ ತುರ್ತು ಸಂದೇಶ, ಮೂರೂ ಮೇಜಿಗೆ. ಹೋದ ವಾರ ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಬಾಂಬ್ ಇದ್ದ ಚೀಲ ಸಿಕ್ಕಿದೆ. ಸಿಡಿಯಲಿಲ್ಲ, ಪುಣ್ಯ. ಇಟ್ಟವನು ದಕ್ಷಿಣಕ್ಕೆ ಓಡಿದ್ದಾನೆ. ಬಲ್ಗೇರಿಯಾದ ಗುರುತಿನ ಚೀಟಿ, ಅಸಲಿಯೇ. ಹೆಸರು ರುಮೆನ್ ಯೂಸುಫೋವ್. ಹುಟ್ಟಿದೂರು ನನ್ನೂರು. ಹುಟ್ಟಿದ ದಿನ ಅಣ್ಣನದು. ಅಪ್ಪ ಅಮ್ಮನ ಹೆಸರು ನನ್ನ ಅಪ್ಪ ಅಮ್ಮನದು. ಫೋಟೊ ಮಾತ್ರ ಯಾರದೋ.

ನಾವು ತುರ್ಕರು, ಬಲ್ಗೇರಿಯಾದಲ್ಲೇ ಹುಟ್ಟಿದವರು. ಒಂದು ಚಳಿಗಾಲ ಸರ್ಕಾರದವರು ಬಂದೂಕು ಹಿಡಿದು ಬಂದು ಊರಿನ ಎಲ್ಲರ ಹೆಸರು ಬದಲಿಸಿದರು. ರುಸ್ತೆಮ್ ಹೋಗಿ ರುಮೆನ್ ಆದ. ಆಮೇಲೆ ಒಂದು ಬೇಸಿಗೆಯಲ್ಲಿ, ಟರ್ಕಿಗೆ ಹೋಗುವವರು ಹೋಗಿ ಅಂದರು. ಹೊರಡುವ ಹಿಂದಿನ ದಿನ ಅಣ್ಣ ರುಮೆನ್ ಹೆಸರಿನ ಒಳನಾಡಿನ ಪಾಸ್‌ಪೋರ್ಟನ್ನು (ಗಡಿ ದಾಟಲು ಬೇರೆಯದು ಕೊಟ್ಟಿದ್ದರು) ಮೇಣದ ಬಟ್ಟೆಯಲ್ಲಿ ಸುತ್ತಿ ಹಿತ್ತಲ ಹಿಪ್ಪುನೇರಳೆ ಮರದಡಿ ಹೂತ. ಥೇಟ್ ಶವಸಂಸ್ಕಾರ. ಪ್ರಾರ್ಥನೆ ಹೇಳಿದ, ಹಿಡಿ ಮಣ್ಣು ಹಾಕಿದ. ನನಗೆ ಒಂಬತ್ತು ವರ್ಷ, ಅತ್ತುಬಿಟ್ಟೆ. "ಅಳ್ಬೇಡ ಪುಟ್ಟಿ, ಸತ್ತಿದ್ದು ನಾನಲ್ಲ" ಅಂದ.

ಯಾರೋ ಅಗೆದಿದ್ದಾರೆ. ಆ ಪಾಸ್‌ಪೋರ್ಟ್ ತೋರಿಸಿ ಹೊಸ ಚೀಟಿ ಮಾಡಿಸಿಕೊಂಡಿದ್ದಾರೆ. ನಾವು ಹೂತ ರುಮೆನ್ ಎದ್ದು ರೈಲು ಹತ್ತಿ ಓಡಾಡುತ್ತಿದ್ದಾನೆ.

ನಾನು ದೊಡ್ಡವಳಾದ ಮೇಲೆ ವಾಪಸ್ ಬಂದು ಇಲ್ಲಿ ಪೊಲೀಸ್ ಸೇರಿದೆ, ಅಣ್ಣ ಅಲ್ಲೇ ಉಳಿದ. ಟರ್ಕಿಯಲ್ಲಿ ಅವನ ಮನೆತನದ ಹೆಸರೂ ಬದಲಾಯಿತು. ತುಂಜಾಯ್‌ನ ಕಂಪ್ಯೂಟರ್‌ಗೆ ಅವನು ಬೇರೆಯೇ ಮನುಷ್ಯ. ರುಮೆನ್, ರುಸ್ತೆಮ್ ಇಬ್ಬರೂ ಒಬ್ಬನೇ ಅಂತ ಮೂರು ದೇಶದ ಯಾವ ಯಂತ್ರಕ್ಕೂ ಗೊತ್ತಿಲ್ಲ. ನನಗೆ ಗೊತ್ತು. ಹೇಳಿದರೆ ಮರದ ಜಾಡು ಹಿಡಿದು ಅಗೆದವನನ್ನು ಹುಡುಕಬಹುದು, ಆದರೆ ಶುಕ್ರವಾರ ಅಣ್ಣನನ್ನು ಹಿಡಿಯುತ್ತಾರೆ. ಹೇಳದಿದ್ದರೆ ಎಲ್ಲೋ ಇನ್ನೊಂದು ಸ್ಟೇಷನ್, ಇನ್ನೊಂದು ಚೀಲ…

ಅದೇ ದಿನ, ಮಧ್ಯಾಹ್ನ 3

ಹೇಳಿದೆ. ಮುಖ್ಯಸ್ಥ ಝ್ದ್ರಾವ್ಕೊ ಸಾಹೇಬರು ಕನ್ನಡಕ ತೆಗೆದು ಒರೆಸುತ್ತಲೇ ಕೂತರು.

"ಮರದ ವಿಷಯ ಇನ್ಯಾರಿಗೆ ಗೊತ್ತು?"

"ಅಣ್ಣಂಗೆ, ನಂಗೆ. ಈಗ ನಿಮಗೆ."

"ಮನೆ ಈಗ ಯಾರದು?"

"ಒಬ್ಬ ಟೀಚರಮ್ಮ ಕೊಂಡ್ಕೊಂಡ್ರು, ನಾವು ಹೊರಟ ವಾರ."

"ನೀವು ಈ ಕೇಸ್ ಮುಟ್ಟೋ ಹಾಗಿಲ್ಲ, ನೆವಿನ್. ಅಣ್ಣಂಗೆ ಒಂದು ಮಾತೂ ಹೇಳೋ ಹಾಗಿಲ್ಲ. ಅವನೇ ಪಾಸ್‌ಪೋರ್ಟ್ ಮಾರ್ಕೊಂಡಿಲ್ಲ ಅಂತ ಆ ದೇಶದವರಿಗೆ ಏನು ಗ್ಯಾರಂಟಿ?"

ನನಗಿದೆ. ಆದರೆ ನನ್ನ ಗ್ಯಾರಂಟಿಗೆ ಸೀಲಿಲ್ಲ.

ಅಕ್ಟೋಬರ್ 7, ಶುಕ್ರವಾರ

ಬೆಳಗಿನ ಜಾವ ಕನಸು. ಮಂಜಿನಲ್ಲಿ ಹಿತ್ತಲು. ಮರದಡಿ ಒಬ್ಬ ಬೆನ್ನು ಮಾಡಿ ನಿಂತು ಹಣ್ಣು ಕೀಳುತ್ತಿದ್ದ. ಯಾರು ನೀನು ಅಂದೆ. ತಿರುಗಲಿಲ್ಲ, ಒಂದು ಹಣ್ಣು ಹಿಂದಕ್ಕೆ ಚಾಚಿದ. ತಿಂದೆ. ಸಿಹಿಯಾಗಿತ್ತು, ಅದಕ್ಕೇ ಹೆದರಿಕೆಯಾಯಿತು.

ಹತ್ತಕ್ಕೆ ಅಣ್ಣನ ಫೋನ್. ಟರ್ಕಿ ಕಡೆಯ ಗೇಟಿನಲ್ಲಿದ್ದಾನೆ.

"ಇವತ್ತು ಎಲ್ಲಾ ಬೇಗ ಬೇಗ ಬಿಡ್ತಿದಾರೆ ಪುಟ್ಟಿ. ನಿಮ್ಮ ತುಂಜಾಯ್ ಕೃಪೆನಾ?"

ತುಂಜಾಯ್ ಎದುರಿಗೇ ಕೂತಿದ್ದ. ಮುಖ ಗೋಡೆಗೆ ತಿರುಗಿಸಿಕೊಂಡ.

"ಬಾ ಅಣ್ಣ," ಅಂದೆ. ಅಷ್ಟೇ ಅಂದೆ.

ಕಿಟಕಿಯಿಂದ ನೋಡಿದೆ. ಟ್ರಕ್ ಇಳಿದ, ಹೆಗಲ ಮೇಲೆ ನೀಲಿ ಟವೆಲ್ ಇತ್ತು. ನಮ್ಮವರು ಇಬ್ಬರು ಹತ್ತಿರ ಹೋದರು. ನಗುತ್ತ ಕೈ ಚಾಚಿದ, ಕೈ ಕುಲುಕಲು ಬಂದರೆಂದುಕೊಂಡು. ಸ್ತಮಾತಿಸ್ ಎದ್ದು ಬಂದು ಕಿಟಕಿಯ ಪರದೆ ಎಳೆದ. "ಸಾಕು ನೆವಿನ್, ಕೂತ್ಕೋ." ಕೂತೆ.

ಅಕ್ಟೋಬರ್ 15, ಶನಿವಾರ

ಚೀಲ ಇಟ್ಟವನು ಸಿಕ್ಕಿಬಿದ್ದ.

ಸ್ತಮಾತಿಸ್ ಕೋಣೆಯ ಆ ತುದಿಯಿಂದ ಈ ತುದಿಗೆ ಕಾಗದ ತಾನೇ ಹಿಡಿದು ಬಂದ. ಸೀಲಿಲ್ಲ, ಅರ್ಜಿಯಿಲ್ಲ. "ನಮ್ಮ ಕಡೆ ಬಸ್‌ಸ್ಟ್ಯಾಂಡಲ್ಲಿ, ಬೆಳಿಗ್ಗೆ. ಕೈಯಲ್ಲಿ ಇನ್ನೊಂದು ಚೀಲ." ತುಂಜಾಯ್ ಓದಿ ತಲೆಯ ಮೇಲೆ ಕೈ ಹೊತ್ತ. ಆಮೇಲೆ ಇಬ್ಬರೂ ನನ್ನನ್ನು ನೋಡಿದರು.

ಟೀಚರಮ್ಮನ ಮಗನಂತೆ. ಊರಿನವರು ಫೋಟೊ ನೋಡುತ್ತಲೇ ಗುರುತು ಹಿಡಿದರು. ಕೊಟ್ಟಿಗೆಗೆ ಪಾಯ ತೋಡುವಾಗ ಪಾಸ್‌ಪೋರ್ಟ್ ಸಿಕ್ಕಿತ್ತಂತೆ. ಯುರೋಪಿನಲ್ಲಿ ಹೊರಗಿನವರು ಇರಬಾರದು ಅನ್ನುವ ಗುಂಪಿನವನು. ಇರಲು ಅವನಿಗೆ ಸಿಕ್ಕಿದ್ದು ನಮ್ಮ ಮನೆ, ಅಡಗಲು ಅಣ್ಣನ ಹೆಸರು. ನಗು ಬರಬೇಕಿತ್ತು.

ಅಣ್ಣನನ್ನು ಮಾತ್ರ ಬಿಟ್ಟಿಲ್ಲ. ರುಮೆನ್ ಯೂಸುಫೋವ್ ಅನ್ನುವುದು ಒಂದು ಕಾಲಕ್ಕೆ ನನ್ನ ಹೆಸರು, ನಾನೇ ಹೂತೆ — ಇಷ್ಟು ಹೇಳಿಕೆ ಕೊಟ್ಟರೆ ಬಿಡುತ್ತಾರೆ. ಇಲ್ಲವಾದರೆ ಪಾಸ್‌ಪೋರ್ಟ್ ಮಾರಿದವನೆಂದು ಆ ಉತ್ತರದ ದೇಶಕ್ಕೆ ಕಳಿಸುತ್ತಾರೆ. ಅವನು ಬಾಯಿ ಬಿಡುತ್ತಿಲ್ಲ. ಹೆಸರು ಕೇಳಿದರೆ ರುಸ್ತೆಮ್. ಇನ್ನೊಂದು ಕೇಳಿದರೆ ಗೋಡೆ ನೋಡುತ್ತಾನೆ.

"ನೀವೇ ಹೋಗಿ ಹೇಳಿ," ಅಂದರು ಝ್ದ್ರಾವ್ಕೊ. ದನಿ ಮೆತ್ತಗಿತ್ತು.

ಅಕ್ಟೋಬರ್ 17, ಸೋಮವಾರ

ಹೋದೆ. ಗಡ್ಡ ಬೆಳೆದಿದೆ, ಬಿಳಿ ಗಡ್ಡ. ಅಪ್ಪನೇ ಕೂತ ಹಾಗಿತ್ತು.

"ನೀನೇ ಹೇಳಿದ್ದಾ ಅವರಿಗೆ?"

"ಹೌದು."

"ನಾನು ಫೋನ್ ಮಾಡ್ದಾಗ ಗೊತ್ತಿತ್ತಾ?"

"ಗೊತ್ತಿತ್ತು."

ಕಿಟಕಿಯತ್ತ ತಿರುಗಿದ. ಹೊರಗೆ ಯಾರೋ ಎಲೆ ಗುಡಿಸುತ್ತಿದ್ದರು.

"ಎರಡನೇ ಚೀಲ ಮಾರ್ಕೆಟ್ಟಿಗಂತೆ ಅಣ್ಣ. ಜನ ಬದುಕಿದ್ರು."

"ಒಳ್ಳೇದಾಯ್ತು. ನಿಜವಾಗ್ಲೂ ಒಳ್ಳೇದಾಯ್ತು."

"ಒಂದು ಸಲ ಹೇಳ್ಬಿಡು. ಅಮ್ಮ ಬುರ್ಸಾದಲ್ಲಿ ಊಟ ಬಿಟ್ಟಿದಾಳೆ."

"ಆವತ್ತು ಬಂದೂಕು ಹಿಡಿದು ಹೇಳಿಸಿದ್ರು. ಈವತ್ತು ನಿನ್ನನ್ನ ಕಳಿಸಿದಾರೆ. ಬುದ್ಧಿವಂತರಾಗಿದಾರೆ."

ಆಮೇಲೆ ಪೊಲೀಸರನ್ನು ಕರೆಯಲು ಹೇಳಿದ. ನಾನು ಬಾಗಿಲಲ್ಲಿ ನಿಂತೆ. ಹೇಳಿದ, ಪೂರ್ತಿ ಹೆಸರು. ಹೇಳುವಾಗ ನನ್ನನ್ನೇ ನೋಡುತ್ತಿದ್ದ.

ಅಕ್ಟೋಬರ್ 19, ಬುಧವಾರ

ಬಿಟ್ಟರು. ಮೂರು ದೇಶದ ಸೀಲು ಬಿದ್ದ ಕಾಗದ ಕೈಗೆ ಕೊಟ್ಟರು. ತುಂಜಾಯ್ ಟ್ರಕ್ಕಿನವರೆಗೆ ಅವನ ಚೀಲ ಹೊತ್ತ. ಅಣ್ಣ ಅವನಿಗೆ ಥ್ಯಾಂಕ್ಸ್ ಹೇಳಿದ. ಮಂಜು ಹಾಗೇ ಇತ್ತು. ಎಂಜಿನ್ ಶುರುವಾದ ಮೇಲೆ ಕಿಟಕಿ ಇಳಿಸಿದ. ಬೈಯಲಿ ಅಂತ ಕಾದೆ. ಬೈದಿದ್ದರೆ ಅಲ್ಲೇ ಕುಸಿದು ಅತ್ತುಬಿಡುತ್ತಿದ್ದೆ, ಹಗುರಾಗುತ್ತಿತ್ತು.

"ಹೋಗ್ಬರ್ತೀನಿ, ನೆವೆನಾ."

ಆ ಚಳಿಗಾಲ ಸರ್ಕಾರ ನನಗಿಟ್ಟ ಹೆಸರು. ಶಾಲೆಯಲ್ಲಿ ಕರೆಯುತ್ತಿದ್ದರು. ಮನೆಯವರು ಒಂದು ಸಲವೂ ಕರೆದಿರಲಿಲ್ಲ.

ಹೂಂ ಅಣ್ಣ ಅಂದೆ. ಓಗೊಟ್ಟೆ ನಾನು, ಆ ಹೆಸರಿಗೆ.

ಅಮ್ಮನ ಫೋನ್ ಬರುತ್ತಿದೆ ಈಗ. ಎತ್ತಬೇಕು. ಎತ್ತಿ, ಅಮ್ಮಾ, ನಾನು… ಅಂತ ಯಾವ ಹೆಸರು ಹೇಳಲಿ?