ನಿಮ್ಮಪ್ಪನ ಕಿವಿಯಲ್ಲಿ ನಾನು

ಟ್ವಿಕನ್‌ಹ್ಯಾಮ್,
10 ಅಕ್ಟೋಬರ್ 2019, ಗುರುವಾರ ಬೆಳಿಗ್ಗೆ

ಪ್ರೀತಿಯ ಜಾಸಿ,

ನಿನ್ನ ಸೊಂಟದ ನೋವು ಈಗ ಹೇಗಿದೆ? ಹೋದ ಸಲ ಬಗ್ಗಿ ಬೂಟು ಕಟ್ಟಿಕೊಳ್ಳಲೂ ಆಗುತ್ತಿಲ್ಲ ಎಂದು ಬರೆದಿದ್ದೆ. ಅಬರ್ಡೀನಿನ ಆ ಸಮುದ್ರದ ಗಾಳಿಗೆ ಎದೆಯೊಡ್ಡಿಕೊಂಡು ನಾಯಿ ತಿರುಗಾಡಿಸಲು ನೀನೇ ಹೋಗಬೇಡ, ಅಲಸ್ಟೇರನನ್ನು ಕಳಿಸು. ಗಂಡಂದಿರನ್ನು ಮೊದಲಿನಿಂದಲೇ ಇಂಥ ಕೆಲಸಕ್ಕೆ ಪಳಗಿಸಬೇಕು, ನಾನು ಅದರಲ್ಲಿ ಸೋತವಳು ಎಂದು ನಿನಗೆ ಗೊತ್ತೇ ಇದೆ. ನನ್ನ ಮಂಡಿ ಎಂದಿನ ಹಾಗೆ ಗೊಣಗುತ್ತಿದೆ, ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದೇನೆ, ಉಳಿದಂತೆ ಚೆನ್ನಾಗಿದ್ದೇನೆ. ನಿಮ್ಮಪ್ಪನ ದೇಹ ಕಲ್ಲುಗುಂಡಿನ ಹಾಗಿದೆ. ದೇಹ ಎಂದೇ ಬರೆದಿದ್ದೇನೆ, ಗಮನಿಸು.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನಾನು ಫೋನ್ ಎತ್ತಿದರೆ ಸಾಕು, ಅವರು ಪಕ್ಕದಲ್ಲಿ ಬಂದು ನಿಂತು ಯಾರದು, ನನಗೇನಾ ಎಂದು ಶುರು ಮಾಡುತ್ತಾರೆ. ಅವರ ದನಿ ಕೇಳಿದ ಕೂಡಲೇ ನೀನು ಇಟ್ಟುಬಿಡುತ್ತೀಯ. ಈಗ ಮೇಲೆ ಮಲಗಿದ್ದಾರೆ, ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಪತ್ರಿಕೆಯಲ್ಲಿ ಬಂದದ್ದೆಲ್ಲ ನಿಜವೇ ಎಂದು ಕೇಳಿದ್ದೆಯಲ್ಲ. ಎಂಬತ್ತಮೂರರ ಸರ್ ಲಯನಲ್ ಗಾರ್ಸೈಡ್ ಒಂದು ಮಾತೂ ತಪ್ಪದೆ ಇಡೀ ನಾಟಕವನ್ನು ಹೆಗಲ ಮೇಲೆ ಹೊತ್ತರು, ಆ ನೆನಪಿನ ಶಕ್ತಿಗೆ ತಲೆಬಾಗಬೇಕು ಎಂದು ಬರೆದಿದ್ದಾರೆ. ಜಾಸಿ, ನಿಮ್ಮಪ್ಪನಿಗೆ ಆ ನಾಟಕದ ಒಂದು ಮಾತೂ ನೆನಪಿಲ್ಲ. ಅವರ ಎಡಗಿವಿಯೊಳಗೆ ಕಡಲೆಕಾಳಿನಷ್ಟು ದೊಡ್ಡ ಯಂತ್ರವೊಂದಿದೆ. ರಂಗದ ಪಕ್ಕದ ಕತ್ತಲಲ್ಲಿ ಮೈಕಿನ ಮುಂದೆ ಕೂತು ನಾನು ಒಂದೊಂದೇ ಮಾತು ಹೇಳುತ್ತೇನೆ, ಅವರು ಅದನ್ನು ಹೇಳುತ್ತಾರೆ. ತೆರೆ ಏಳುವುದರಿಂದ ಬೀಳುವವರೆಗೆ ಇಷ್ಟೇ.

ಇದು ಹೊಸದಲ್ಲ ಎಂಬುದೇ ನನ್ನ ಹೊಟ್ಟೆಯುರಿ. ಮೋರ್‌ಕಾಂಬಿನ ಆ ಸಣ್ಣ ಕಂಪನಿಯಲ್ಲಿ ನಮಗೆ ವಾರಕ್ಕೊಂದು ಹೊಸ ನಾಟಕ. ಬೆಳಿಗ್ಗೆ ಮುಂದಿನ ವಾರದ್ದರ ತಾಲೀಮು, ಸಂಜೆ ಈ ವಾರದ್ದರ ಪ್ರದರ್ಶನ, ನಡುವೆ ಉಳಿದ ಹೊತ್ತಿನಲ್ಲಿ ಬಾಯಿಪಾಠ. ಪ್ರತಿ ಸೋಮವಾರ ನಟರೆಲ್ಲ ನೇಣಿಗೆ ಹೋಗುವವರ ಮುಖ ಹೊತ್ತು ರಂಗಕ್ಕೆ ಬರುತ್ತಿದ್ದರು. ಆಗ ನಾಯಕಿ ನಾನು. ಗೋಡೆಯ ಜಾಹೀರಾತಿನಲ್ಲಿ ಈನಿಡ್ ಮೇಹ್ಯೂ ಎಂಬ ಹೆಸರು ಎಲ್ಲರಿಗಿಂತ ಮೇಲೆ ಇರುತ್ತಿತ್ತು. ನಿಮ್ಮಪ್ಪ ಚಹಾದ ತಟ್ಟೆ ತಂದಿಟ್ಟು ಹೋಗುವ ಪಾತ್ರದವರು. ಆ ಎರಡು ಮಾತೂ ನೆಟ್ಟಗೆ ಬರುತ್ತಿರಲಿಲ್ಲ. ಎತ್ತರ ಇತ್ತು, ದನಿ ಇತ್ತು, ತಲೆ ಮಾತ್ರ ಜರಡಿ. ನಾವು ಉಳಿದುಕೊಳ್ಳುತ್ತಿದ್ದ ಮನೆಯೊಡತಿ ಮಿಸೆಸ್ ಆಗ್ಡನ್, ಮುಂಜಾನೆ ಒಣಮೀನು ಹುರಿಯುತ್ತಾ, ಈ ಹುಡುಗ ಅಂಗಡಿಯಲ್ಲಿ ಬೊಂಬೆಯಾಗಿ ನಿಂತರೆ ಚೆನ್ನಾಗಿ ಬಾಳ್ತಾನೆ ನೋಡು ಎನ್ನುತ್ತಿದ್ದಳು. ನನಗೆ ಪಾಪ ಅನಿಸಿತು. ಅವಳ ಅಡುಗೆಮನೆಯಲ್ಲಿ ಕೂರಿಸಿಕೊಂಡು ಮಾತು ಒಪ್ಪಿಸಿಕೊಂಡೆ. ರಂಗದ ಮೇಲೆ ಮರೆತರೆ ಚಹಾದ ಬಟ್ಟಲು ತುಟಿಗೆ ಅಡ್ಡ ಹಿಡಿದು ನಾನೇ ಉಸುರುತ್ತಿದ್ದೆ. ಪಾಪ ಅನಿಸಿದ್ದನ್ನೇ ಪ್ರೀತಿ ಎಂದುಕೊಂಡೆ, ಅಥವಾ ಎರಡೂ ಇದ್ದವೋ ಏನೋ, ಈಗ ಬೇರ್ಪಡಿಸಿ ನೋಡಲು ಆಗುವುದಿಲ್ಲ.

ಆಮೇಲಿನದು ನಿನಗೆ ಗೊತ್ತು. ನೀನು ಹೊಟ್ಟೆಯಲ್ಲಿದ್ದಾಗ ಬಣ್ಣ ಒರೆಸಿಕೊಂಡೆ, ಕ್ರಿಸ್‌ಮಸ್ ಹೊತ್ತಿಗೆ ವಾಪಸು ಬಾ ಎಂದರು ಮ್ಯಾನೇಜರು, ಆ ಕ್ರಿಸ್‌ಮಸ್ ಬರಲೇ ಇಲ್ಲ. ನಿಮ್ಮಪ್ಪ ಲಂಡನ್ನಿಗೆ ಹೋದರು. ಸಿನೆಮಾದಲ್ಲಿ ಇನ್‌ಸ್ಪೆಕ್ಟರ್ ಆದರು, ಬಿಷಪ್ ಆದರು, ಮುಳುಗುವ ಹಡಗಿನ ಜೊತೆ ಮುಳುಗುವ ಕ್ಯಾಪ್ಟನ್ ಆದರು. ಟಿವಿಯಲ್ಲಿ ಹಳ್ಳಿಯ ಡಾಕ್ಟರಾದ ಮೇಲಂತೂ ಕಸಾಯಿ ಅಂಗಡಿಯವನೂ ನನ್ನ ಹತ್ತಿರ ಕಾಲುನೋವಿಗೆ ಔಷಧಿ ಕೇಳುತ್ತಿದ್ದ. ಅರಮನೆಯಿಂದ ಸರ್ ಪದವಿ ಬಂತು, ನಾನು ಲೇಡಿ ಗಾರ್ಸೈಡ್ ಆಗಿ ಆಲೂಗಡ್ಡೆ ಸುಲಿದೆ. ಆ ಪಾತ್ರಗಳೆಲ್ಲ ಹುಟ್ಟಿದ್ದು ಇದೇ ಮೇಜಿನಲ್ಲಿ. ಉಳಿದವರ ಮಾತೆಲ್ಲ ನನ್ನ ಬಾಯಲ್ಲಿ. ಕೊಲೆಗಾರನೂ ನಾನೇ, ನ್ಯಾಯಾಧೀಶನೂ ನಾನೇ, ಅವರ ಪ್ರೇಯಸಿಯರೆಲ್ಲ ನಾನೇ. ನೀನು ಸಣ್ಣವಳಿದ್ದಾಗ ಮೇಜಿನ ಕೆಳಗೆ ಕೂತು, ಅಮ್ಮಾ, ಇವತ್ತು ಅಪ್ಪನ್ನ ನಿಜವಾಗಿ ಬೈತಿದ್ದೀಯಾ ಅಥವಾ ನಾಟಕದ್ದಾ ಎಂದು ಕೇಳಿದ್ದು ನನಗಿನ್ನೂ ನೆನಪಿದೆ.

ನಿನ್ನ ಮದುವೆಯ ದಿನದ ಸಿಟ್ಟು ನಿನಗೆ ಇನ್ನೂ ಇಳಿದಿಲ್ಲ, ಇಳಿಯಬೇಕೆಂದು ನಾನು ಯಾವತ್ತೂ ಹೇಳಿಲ್ಲ. ಮಧ್ಯಾಹ್ನದ ಆಟ ಬಿಡಲಾಗದು ಎಂದು ನಿಮ್ಮಪ್ಪ ಚರ್ಚಿಗೆ ಬರಲಿಲ್ಲ. ಫೋಟೋ ಎಲ್ಲ ಮುಗಿದ ಮೇಲೆ ಹುಬ್ಬಿನ ಬಣ್ಣವನ್ನೂ ತೊಳೆಯದೆ ಬಂದು ಅಂಥ ಭಾಷಣ ಮಾಡಿದರು ಎಂದರೆ, ಅಲಸ್ಟೇರನ ಅತ್ತೆಯಂದಿರು ಇವತ್ತಿಗೂ ಭಾಷಣವನ್ನು ನೆನೆಯುತ್ತಾರೆ, ನಿನ್ನ ಉಡುಪಿನ ಬಣ್ಣ ಯಾರಿಗೂ ನೆನಪಿಲ್ಲ. ಆ ಭಾಷಣವನ್ನೂ ನಾನೇ ಒಪ್ಪಿಸಿಕೊಂಡಿದ್ದೆ ಎಂದು ಈಗ ಹೇಳಿದರೆ ನನ್ನ ಮೇಲೂ ಸಿಟ್ಟಾಗಬೇಡ.

ಮರೆವು ಶುರುವಾದದ್ದು ಎರಡು ವರ್ಷದ ಹಿಂದೆ. ಸಿನೆಮಾದವರು ದೊಡ್ಡಕ್ಷರದಲ್ಲಿ ಬರೆದ ಹಲಗೆ ಹಿಡಿದು ಸುಧಾರಿಸಿದರು. ರಂಗದ ಮೇಲೆ ಹಲಗೆ ಹಿಡಿಯುವಂತಿಲ್ಲವಲ್ಲ. ಈ ಹೊಸ ನಾಟಕದಲ್ಲಿ ಅವರದು, ಸಾಯುವ ಮುಂಚೆ ತನ್ನ ತೀರ್ಪುಗಳನ್ನೆಲ್ಲ ತಾನೇ ವಿಚಾರಣೆ ಮಾಡಿಕೊಳ್ಳುವ ಮುದಿ ನ್ಯಾಯಾಧೀಶನ ಪಾತ್ರ. ಮೊದಲು ರಂಗ ನಡೆಸುವ ಬ್ರಿಜೆಟ್‌ಳನ್ನೇ ಮೈಕಿನ ಮುಂದೆ ಕೂರಿಸಿದರು. ಕಿವಿಯಲ್ಲಿ ಪರಕೀಯ ದನಿ ಬಂದರೆ ಇವರು ಅದಕ್ಕೇ ಉತ್ತರ ಕೊಡತೊಡಗಿದರು. ತಾಲೀಮಿನಲ್ಲಿ ನ್ಯಾಯಾಧೀಶರು ಗಂಭೀರವಾಗಿ ತಲೆಯೆತ್ತಿ, ಸ್ವಲ್ಪ ಬಿಡಿಸಿ ಹೇಳಮ್ಮ ಎಂದದ್ದಕ್ಕೆ ಎಲ್ಲರೂ ನೆಲ ನೋಡಿದರು. ಆಗ ನಾನು ಹೋದೆ. ನನ್ನ ದನಿ ಅವರಿಗೆ ಪರಕೀಯವಲ್ಲ, ಅದು ತಮ್ಮದೇ ಯೋಚನೆ ಎಂದುಕೊಂಡಿದ್ದಾರೆ. ಎದುರಿನವನು ಮಾತು ಮುಗಿಸುವ ಮುಂಚೆಯೇ ನಾನು ಶುರು ಮಾಡಬೇಕು, ಅವರ ಉಸಿರಿನ ಅಳತೆ ಗೊತ್ತಿರಬೇಕು, ಅದರಲ್ಲಿ ಭಾವನೆ ಇರಕೂಡದು. ಒಂದು ದಿನ ನನಗೇ ತಿಳಿಯದೆ ದನಿ ಸ್ವಲ್ಪ ನಡುಗಿದ್ದಕ್ಕೆ, ಒಳಗೆ ಬಂದ ಮೇಲೆ, ನೀನು ನಟಿಸೋಕೆ ಹೋಗಬೇಡ, ಬರೀ ಹೇಳು ಎಂದು ರೇಗಿದರು.

ಪತ್ರಿಕೆಯವರು ಬರುವ ಮೊದಲ ದಿನದ ಬೆಳಿಗ್ಗೆ ಅವರದೊಂದು ರೇಡಿಯೋ ಸಂದರ್ಶನವಿತ್ತು. ನಾನು ಇಲ್ಲೇ ಮೊಟ್ಟೆ ಬೇಯಿಸುತ್ತಾ ಕೇಳಿಸಿಕೊಂಡೆ. ಈ ವಯಸ್ಸಿನಲ್ಲಿ ಇಷ್ಟು ಮಾತು ಹೇಗೆ ನೆನಪಿಟ್ಟುಕೊಳ್ಳುತ್ತೀರಿ ಎಂದು ಕೇಳಿದಳು ರೇಡಿಯೋದಾಕೆ. ದಿನಾ ನದಿಯ ದಂಡೆಯಲ್ಲಿ ನಡೆಯುತ್ತೇನೆ, ತಣ್ಣೀರು ಸ್ನಾನ ಮಾಡುತ್ತೇನೆ ಎಂದರು. ಹೋಗಲಿ, ಇಷ್ಟು ಸುಳ್ಳು ಕಸುಬಿಗೆ ಬೇಕು. ಹೆಂಡತಿಗೂ ರಂಗದ ಹುಚ್ಚಿದೆಯೇ ಎಂದು ಆಕೆ ಕೇಳಿದಾಗ ಆ ಬಂಗಾರದ ದನಿಯಲ್ಲಿ ಹೇಳಿದರು: "ಈನಿಡ್‌ಗಾ? ಅವಳಿಗೆ ಅವಳ ಗುಲಾಬಿ ಗಿಡ ಆಯ್ತು, ಮನೆ ಆಯ್ತು. ಮದುವೆಗೆ ಮುಂಚೆ ಏನೋ ಸ್ವಲ್ಪ ಬಣ್ಣ ಹಚ್ಚಿದ್ದಳು, ಹುಡುಗಿಯರು ಹಚ್ಚೋ ಹಾಗೆ." ಮೊಟ್ಟೆ ಬೆಂದು ಕಲ್ಲಾಯಿತು. ಅದನ್ನೇ ಅವರ ತಟ್ಟೆಗೆ ಹಾಕಿಟ್ಟೆ, ಬಂದು ತಿಂದರು.

ಅವತ್ತು ಸಂಜೆ ಎರಡನೇ ಅಂಕದಲ್ಲಿ ನಾನು ಸುಮ್ಮನಾದೆ. ನಿರಪರಾಧಿ ಯಾರನ್ನಾದರೂ ನೇಣಿಗೆ ಕಳಿಸಿದ್ದುಂಟೇ ಎಂದು ಗುಮಾಸ್ತ ಕೇಳುತ್ತಾನೆ. ಒಬ್ಬನನ್ನು ಕಳಿಸಿದ್ದೇನೆ, ಅವನ ಹೆಸರು ನನಗೆ ನೆನಪಿದೆ ಎಂದು ಇವರು ಹೇಳಬೇಕು. ನಾನು ಮೈಕಿನಿಂದ ಮುಖ ತಿರುಗಿಸಿ ಕೂತೆ. ಬ್ರಿಜೆಟ್ ನನ್ನ ತೋಳು ಹಿಡಿದಳು, ಕೊಡವಿಕೊಂಡೆ. ಬೀಳಲಿ, ಒಂದು ಸಲ ಎಲ್ಲರೆದುರು ಬೀಳಲಿ ಎನಿಸಿತು. ನಿಮ್ಮಪ್ಪ ಗುಮಾಸ್ತನನ್ನು ನೋಡಿದರು. ಕೈ ಎತ್ತಿದರು, ಯಾಕೆ ಎತ್ತಿದೆ ಎಂದು ಗೊತ್ತಾಗದೆ ಇಳಿಸಿದರು. ಜಾತ್ರೆಯಲ್ಲಿ ಕೈ ತಪ್ಪಿಸಿಕೊಂಡ ಮಗುವಿನ ಹಾಗೆ ಸುತ್ತ ನೋಡಿದರು. ಇಡೀ ಥಿಯೇಟರಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಅಳತೊಡಗಿದರು. ನನ್ನ ಕೈಲಿ ಆಗಲಿಲ್ಲ ಜಾಸಿ, ಹೇಳಿಬಿಟ್ಟೆ. ಅವರು ಹೇಳಿದರು. ಮರುದಿನ ನೀನು ಓದಿದೆಯಲ್ಲ, ಈ ತಲೆಮಾರಿನ ರಂಗದಲ್ಲಿ ಇಂಥ ಮೌನ ಕಂಡಿರಲಿಲ್ಲ ಅಂತ. ಅದು ನನ್ನ ಮೌನ.

ಬಣ್ಣದ ಕೋಣೆಯಲ್ಲಿ ಹೂವಿನ ನಡುವೆ ಕೂತು ಮುಖ ಒರೆಸಿಕೊಳ್ಳುತ್ತಿದ್ದರು. ಬೈಯುತ್ತಾರೆ ಎಂದುಕೊಂಡು ಹೋದೆ, ಬೈದಿದ್ದರೆ ನಾನೂ ಬಾಯಿ ಬಿಡುತ್ತಿದ್ದೆ. ಕನ್ನಡಿಯಲ್ಲೇ ನನ್ನನ್ನು ನೋಡಿ, "ಮುದುಕಿ, ಅಲ್ಲಿ ತಡೆದು ಕೊಟ್ಟೆಯಲ್ಲ, ಚೆನ್ನಾಗಿತ್ತು. ದಿನಾ ಅಷ್ಟೇ ತಡಿ," ಎಂದರು. ಅಂದಿನಿಂದ ದಿನಾ ತಡೆಯುತ್ತಿದ್ದೇನೆ. ನನ್ನ ಸಿಟ್ಟನ್ನೂ ಅವರು ಪಾತ್ರಕ್ಕೆ ಸೇರಿಸಿಕೊಂಡರು.

ಈಗ ನಿರ್ಮಾಪಕ ಟಾಲಂಡ್ ಇದನ್ನು ಜನವರಿಯಿಂದ ಬೇಸಿಗೆಯವರೆಗೆ ಊರೂರಿಗೆ ಒಯ್ಯಬೇಕೆನ್ನುತ್ತಾನೆ. ಬಾತ್, ಲೀಡ್ಸ್, ನಾರಿಚ್, ಮತ್ತೆ ಆ ಹೋಟೆಲುಗಳು, ಮತ್ತೆ ಆ ಕತ್ತಲ ಮೂಲೆ. ನನಗೆ ಉಳಿದಿರುವ ಬಿಸಿಲನ್ನು ಅಲ್ಲಿ ಕೂತು ಕಳೆಯಬೇಕು. ಆಗಲಿ, ಬರುತ್ತೇನೆ, ಆದರೆ ನಾಟಕದ ಪುಸ್ತಿಕೆಯಲ್ಲಿ ನನ್ನ ಹೆಸರು ಹಾಕಿ ಎಂದೆ. ಮಾತು ಹೇಳಿಕೊಡುವವರು, ಈನಿಡ್ ಮೇಹ್ಯೂ ಎಂದು ಕೊನೆಯ ಪುಟದಲ್ಲಿ, ವಿಗ್ಗು ಕಟ್ಟುವವರ ಕೆಳಗೆ ಇದ್ದರೂ ಸಾಕು ಎಂದೆ. ಟಾಲಂಡ್ ಅಡ್ಡಿಯಿಲ್ಲ ಎಂದ. ನಿಮ್ಮಪ್ಪ ಚಹಾದ ಬಟ್ಟಲು ಕೆಳಗಿಟ್ಟು ಹೇಳಿದರು: "ಈನಿಡ್, ಯಾರಾದರೂ ತಮ್ಮ ಊರುಗೋಲಿನ ಹೆಸರು ಅಚ್ಚು ಹಾಕಿಸ್ತಾರಾ?" ಟಾಲಂಡ್ ನಕ್ಕ. ನಕ್ಕದ್ದಕ್ಕೆ ಅವನಿಗೇ ನಾಚಿಕೆಯಾಗಿ ಕೋಟು ಹುಡುಕಿದ.

ಅವತ್ತೇ ನಿರ್ಧಾರ ಮಾಡಿದೆ. ಬರುವ ಸೋಮವಾರದಿಂದ ನಾನು ಆ ಮೂಲೆಯಲ್ಲಿ ಕೂರುವುದಿಲ್ಲ. ಕಂಪನಿ ಮುಳುಗುವುದಿಲ್ಲ, ಹೆದರಬೇಡ. ಇವರ ಬದಲಿ ನಟ ಹ್ಯೂಮ್ ಮಾತೆಲ್ಲ ಕಲಿತು ದಿನಾ ಮೇಲಿನ ಕೋಣೆಯಲ್ಲಿ ಪದಬಂಧ ಬಿಡಿಸುತ್ತಾ ಕಾಯುತ್ತಿದ್ದಾನೆ. ಬ್ರಿಜೆಟ್‌ಗೆ ಹೇಳಿಯಾಯಿತು, ಅವಳು ಕೂರುತ್ತಾಳೆ, ಇವರು ಅವಳಿಗೆ ಉತ್ತರ ಕೊಡುತ್ತಾರೆ, ಹ್ಯೂಮ್ ಇಳಿದು ಬರುತ್ತಾನೆ. ಇವರಿಗೂ ಹೇಳಿದೆ. ಕದ್ದುಮುಚ್ಚಿ ಮಾಡುವವಳಲ್ಲ ನಾನು. ಕೇಳಿ ಕೂಗಾಡಿದರು. ನಾನಿಲ್ಲದಿದ್ದರೆ ನೀನು ಮೋರ್‌ಕಾಂಬಿನಲ್ಲಿ ಬೋರ್ಡಿಂಗ್ ಮನೆ ನಡೆಸಿಕೊಂಡು ಇರುತ್ತಿದ್ದೆ ಎಂದರು. ಮಧ್ಯಾಹ್ನ ಊಟಕ್ಕೆ ಕೂತಾಗ, ಸೋಮವಾರ ಕಾರು ಎಷ್ಟು ಹೊತ್ತಿಗೆ, ನಿನ್ನ ಕನ್ನಡಕ ಮರೆಯಬೇಡ ಎಂದರು. ಮತ್ತೆ ಹೇಳಿದೆ. ಈ ಸಲ ನಕ್ಕರು. ನಿನ್ನೆ ಮತ್ತೆ ಹೇಳಿದಾಗ ಅತ್ತರು. ನಟನೆಯಲ್ಲ, ಅವರ ಎರಡು ಥರದ ಅಳುವನ್ನೂ ನಾನು ಬಲ್ಲೆ. "ಹಾಗಾದರೆ ನನಗೆ ಯಾರು ಹೇಳಿಕೊಡ್ತಾರೆ?" ಎಂದು ಕೇಳಿದರು. ಚಹಾ ಕುಡಿದ ಮೇಲೆ ಅದೂ ಹೋಯಿತು. ಉಳಿದ ಹೆಂಗಸರು ಗಂಡನನ್ನು ಒಂದು ಸಲ ಬಿಟ್ಟರೆ ಮುಗಿಯುತ್ತದೆ. ನಾನು ದಿನಾ ಬಿಡಬೇಕು, ದಿನಾ ಆ ಮುಖ ನೋಡಬೇಕು.

ಮೇಲೆ ಮಂಚದ ಸದ್ದಾಯಿತು, ಎದ್ದರು ಎಂದು ಕಾಣುತ್ತದೆ. ಅಲಸ್ಟೇರನಿಗೆ ನನ್ನ ನೆನಪು ಹೇಳು, ನಾಯಿಯ ಕಿವಿ ಹಿಂಡು. ನಿನ್ನ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೋ, ನಾಚಿಕೊಳ್ಳಬೇಡ. ನೀನು ಚೆನ್ನಾಗಿರು ಮಗಳೇ, ನಿನ್ನ ಮಾತನ್ನು ನೀನೇ ಆಡಿಕೊಂಡು ಚೆನ್ನಾಗಿರು.

ನಿನ್ನ ಅಮ್ಮ,
ಈನಿಡ್

ಮರೆತಿದ್ದೆ: ಸೋಮವಾರದ ಆಟಕ್ಕೆ ರಂಗದೆದುರಿನ ಸಾಲಿನಲ್ಲಿ ಎರಡು ಸೀಟು ಕೊಂಡಿದ್ದೇನೆ. ಮನೆಯಲ್ಲಿ ಕೂತಿರಲು ನನ್ನಿಂದ ಆಗುವುದಿಲ್ಲ. ಭಾನುವಾರದ ರೈಲಿಗೆ ಹತ್ತಿಬಿಡು. ಅವರನ್ನು ನೋಡಲು ಬರಬೇಡ, ಕ್ಷಮಿಸಲೂ ಬರಬೇಡ. ಅವರು ಅಲ್ಲಿ ಕೈ ಎತ್ತಿ ಸುತ್ತ ನೋಡಿದಾಗ ನಾನು ಕೂತಲ್ಲಿಂದಲೇ ಆ ಮಾತನ್ನು ಕೂಗಿಬಿಡುತ್ತೇನೆ. ನನ್ನ ಬಾಯಿ ಮುಚ್ಚಿ ಹಿಡಿಯಲು ಪಕ್ಕದಲ್ಲಿ ಒಬ್ಬರು ಬೇಕು.