ಒಳಗಿನ ಕಂಪ್ಯೂಟರಿನ ಹದಿನಾಲ್ಕು ಎಕರೆ

ಯಲ್ಲಾಲಿಂಗ,

ನಾನು ರಾಯಚೂರಿನ ಬಸ್ಸಿಗೆ ಹೊರಟೆ. ಹನ್ನೊಂದಕ್ಕೆ ರಿಪೇರಿಯ ಪರ್ವೇಜ್ ಅಣ್ಣ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲು ಬರುತ್ತಾನೆ. ಅದಕ್ಕೂ ಮೊದಲು ಏಳು.

ನಿನ್ನ ಪೆನ್‌ಡ್ರೈವ್ ನೋಡಿದೆ. ಹೊಲದ ಆಟದ ಬ್ಯಾಕಪ್ ಎಂದು ನೀನು ಉಳಿಸಿಕೊಂಡಿರುವುದು ಬರೀ ಡೆಸ್ಕ್‌ಟಾಪಿನ ಶಾರ್ಟ್‌ಕಟ್. ಮನೆ ಬಿಟ್ಟು ಬೀಗದ ಕೈ ಹೊತ್ತು ತಂದಂತಾಯಿತು. ಆಟ ಇರುವುದು ನೀನೇ ಹಾಕಿದ ವರ್ಚುವಲ್ ಮಷೀನಿನೊಳಗೆ, ಕಂಪ್ಯೂಟರಿನ ಒಳಗೇ ಓಡುವ ಆ ಇನ್ನೊಂದು ಕಂಪ್ಯೂಟರಿನಲ್ಲಿ. ಅದನ್ನು ಪೂರ್ತಿ ಶಟ್‌ಡೌನ್ ಮಾಡಿ, ಅದರ ಇಡೀ ಫೋಲ್ಡರನ್ನು ಹೊರಗಿನಿಂದ ಜೋಡಿಸುವ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡು. ಪಕ್ಕದ ಮನೆ ಮಿನಾಜ್ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡು. ಆಟ ತೆರೆದುಕೊಂಡರೆ ಮಾತ್ರ ಪರ್ವೇಜ್ ಅಣ್ಣನಿಗೆ ಹೂಂ ಅನ್ನು. ಅವನ ಕೆಲಸ ಮುಗಿದ ಮೇಲೆ ಫೋಲ್ಡರನ್ನು ಮತ್ತೆ ಕಂಪ್ಯೂಟರಿಗೆ ಹಾಕು.

ಆಡುವವನು ನೀನೆಂದೇ ತಿಳಿದಿದ್ದೆ. ಹೇಗೂ ಹೋಗುವುದಲ್ಲ ಎಂದು ಬೆಳಿಗ್ಗೆ ಅಳಿಸಲು ಕೂತೆ. ಯವ್ವ ಹಿಂದಿನಿಂದ ಬಂದು ಕೈ ಹಿಡಿದಳು.

"ನೀರು ಇನ್ನಾ ಕೊನಿ ಮಡಿಗಿ ಮುಟ್ಟಿಲ್ಲ. ಬಂದ್ ಮಾಡಬ್ಯಾಡ ಬೇ."

"ಯಾರ ಹೊಲ ಯವ್ವಾ ಇದು?"

"ನಂದು. ಹದಿನಾಕು ಎಕರಿ."

ಅಳಿಸುವುದು ಬಿಟ್ಟು ಎದ್ದೆ. ಇಪ್ಪತ್ತು ವರ್ಷ ಬಾಗಲವಾಡದಲ್ಲಿ ಕಂಡವರ ಗದ್ದೆಗೆ ನಾಟಿ ಹಚ್ಚಿದವಳು ಮೌಸ್ ಹಿಡಿಯಲು ಯಾವಾಗ ಕಲಿತಳು? ಕಲಿಸಿದವನು ನೀನಂತೆ. ನನಗೊಂದು ಮಾತು ಹೇಳಲಿಲ್ಲ, ಅದನ್ನು ಸಂಜೆ ಕೇಳುತ್ತೇನೆ.

ರೊಟ್ಟಿ ಬುಟ್ಟಿಯಲ್ಲಿವೆ, ಪಲ್ಯ ಬಿಸಿ ಮಾಡಿಕೋ.

ಯವ್ವ ಕೂಲಿಯಿಂದ ಬಂದವಳೇ ಕೈಕಾಲು ತೊಳೆದು ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ಆಗ ಹೊಲ ಇಲ್ಲದಿದ್ದರೆ, ಎಲ್ಲಿ ಹೋಯಿತೆಂದು ನೀನೇ ಹೇಳಬೇಕು. ನನ್ನ ಕೈಲಾಗದು.

ನಿನ್ನ ಅಕ್ಕ ನಾಗವೇಣಿ