ಅಣೆಕಟ್ಟಿನ ಬುಡದ ಮರಳು ತೆಗೆಸಲು ಹೊರಟವರಿಗೆ

ಅಣೆಕಟ್ಟಿನ ನೆತ್ತಿಯನ್ನು ಮಾತ್ರ ಕಂಡಿರುವ ಮಾನ್ಯ ಅಧಿಕಾರಿಗಳೇ,

ನಮ್ಮೂರಿನ ಅಣ್ಣು ಎಂಬವರಿಗೆ ತಮ್ಮ ಉಡುಪಿಯ ನೀರಾವರಿ ಕಛೇರಿಯಿಂದ ಈ ತಿಂಗಳ ಎರಡನೆಯ ತಾರೀಕಿಗೆ ಒಂದು ನೋಟೀಸು ಬಂದಿದೆ. ಕುಂಟಲಪಲ್ಕೆಯ ಮಣ್ಣಿನ ಅಣೆಕಟ್ಟಿನ ಬುಡದಲ್ಲಿ ಅವರು "ಅನಧಿಕೃತವಾಗಿ ಸಂಗ್ರಹಿಸಿರುವ" ಮರಳು, ಜಲ್ಲಿ ಮತ್ತು ಕಲ್ಲುಗಳನ್ನು ಮೇ ಮೂವತ್ತೊಂದರೊಳಗೆ ತೆರವು ಮಾಡಬೇಕಂತೆ, ತಪ್ಪಿದಲ್ಲಿ ಕಾನೂನು ಕ್ರಮವಂತೆ. ಅಣ್ಣುವಿಗೆ ಓದಲು ಬಾರದು. ಓದಿ ಹೇಳಿದವಳು ನಾನು, ಅದೇ ಅಣೆಕಟ್ಟಿನ ಕೆಳಗೆ ಇನ್ನೂರು ಗಜ ದೂರದಲ್ಲಿರುವ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಆ ಮರಳಿನ ರಾಶಿ ಇರುವುದರಿಂದ ತಮ್ಮ ಅಣೆಕಟ್ಟು ಇದೆ, ಅಣೆಕಟ್ಟು ಇರುವುದರಿಂದ ನನ್ನ ಶಾಲೆ ಇದೆ. ಇಷ್ಟು ಚಿಕ್ಕ ಸಂಗತಿ ಗೊತ್ತಾಗಲು ಅಣೆಕಟ್ಟಿನ ಮೇಲಿನಿಂದ ಇಪ್ಪತ್ತೆಂಟು ಅಡಿ ಕೆಳಗೆ ಇಳಿದು ಬರಬೇಕು. ಕಳೆದ ತಿಂಗಳವರೆಗೆ, ಏಳು ವರ್ಷಗಳಲ್ಲಿ ತಮ್ಮ ಕಛೇರಿಯ ಯಾರಿಗೂ ಅದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ.

ತಾವು ಬರುವ ಮೊದಲೂ ನಮ್ಮ ತೋಡಿಗೆ, ಅಂದರೆ ಊರ ಹಳ್ಳಕ್ಕೆ, ಅಡ್ಡವಾಗಿ ಮಣ್ಣಿನ ಕಟ್ಟ ಇತ್ತು. ಮಳೆ ನಿಂತ ಮೇಲೆ ಮನೆಗೊಬ್ಬರಂತೆ ಬಂದು, ಬಿದಿರಿನ ಗೂಟ ಹೊಡೆದು, ತೆಂಗಿನ ಮಡಲು ಹೆಣೆದು, ಮಣ್ಣು ಮೆಟ್ಟಿ ಕಟ್ಟುತ್ತಿದ್ದರು. ಮಳೆಗಾಲ ಹತ್ತಿರ ಬಂದಾಗ ಅವರೇ ಕಡಿದು ನೀರು ಬಿಡುತ್ತಿದ್ದರು. ಕಟ್ಟಿದವನೇ ಕಡಿಯಬೇಕು ಎಂಬುದು ಊರಿನ ಕಟ್ಟುಪಾಡು. ಅಣ್ಣು ನಲವತ್ತು ವರ್ಷ ಈ ಕೆಲಸದ ಮೇಸ್ತ್ರಿ. ಆ ಕಟ್ಟಕ್ಕೆ ಸುರಕ್ಷತಾ ಪರಿವೀಕ್ಷಕರು ಇರಲಿಲ್ಲ, ರಿಜಿಸ್ಟರು ಇರಲಿಲ್ಲ, ಜೀಪಂತೂ ಇರಲೇ ಇಲ್ಲ. ಕಟ್ಟಿದವರೆಲ್ಲ ಅದರ ಕೆಳಗೇ ಮಲಗುತ್ತಿದ್ದುದರಿಂದ ಅವುಗಳ ಅಗತ್ಯ ಯಾರಿಗೂ ಕಂಡಿರಲಿಕ್ಕಿಲ್ಲ. ೧೯೭೭ರಲ್ಲಿ ತಾವು ಶಾಶ್ವತ ಅಣೆಕಟ್ಟು ಕಟ್ಟಿಸಿಕೊಟ್ಟಿರಿ. ನಾವೂ ಸಂತೋಷಪಟ್ಟೆವು, ಸುಳ್ಳೇಕೆ ಹೇಳಲಿ. ಎರಡನೆಯ ಬೆಳೆಗೆ ನೀರು ಬಂತು. ಸಾರ್ವಜನಿಕರು ಮುಟ್ಟಬಾರದು ಎಂಬ ಫಲಕವೂ ಬಂತು. ನೀರು ಹೊರಬಿಡುವ ತೂಬನ್ನು ತಿರುಗಿಸುವ ಕಬ್ಬಿಣದ ಹಿಡಿಯನ್ನು ಮಾತ್ರ ತಾವು ಕಳಚಿಕೊಂಡು ಹೋಗಿ ಉಡುಪಿಯ ಕಛೇರಿಯ ಬೀರುವಿನಲ್ಲಿಟ್ಟಿರಿ. ಕಳ್ಳರ ಭಯ ಎಂದು ಕಾರಣ ಕೊಟ್ಟಿರಿ.

ಇನ್ನು ನಮ್ಮ ತಪ್ಪನ್ನೂ ಹೇಳಬೇಕು, ಇಲ್ಲದಿದ್ದರೆ ಪತ್ರ ಪಕ್ಷಪಾತದ್ದಾಗುತ್ತದೆ. ಮೂರನೆಯ ವರ್ಷ ಅಣೆಕಟ್ಟಿನ ಬುಡದಲ್ಲಿ ನೀರು ಜಿನುಗತೊಡಗಿತು. ನಾವು ಅದನ್ನು ಹೊಸ ಒರತೆ ಎಂದು ತಿಳಿದು ಹಿಗ್ಗಿದೆವು. ಪಕ್ಕದ ಮನೆಯ ಗುಣವತಿ ಅಲ್ಲಿ ಬಸಳೆ ನೆಟ್ಟು ಚಪ್ಪರ ಹಾಕಿದಳು. ನಾನು ನಾಲ್ಕನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ, ಅಂತರ್ಜಲ ಎಂದರೆ ಇದೇ ಎಂದು ಪಾಠ ಮಾಡಿದೆ. ಊರಿನಲ್ಲಿ ಹಿಗ್ಗದೆ ಇದ್ದವರು ಅಣ್ಣು ಒಬ್ಬರೇ. ಅವರು ಬೊಗಸೆಯಲ್ಲಿ ಆ ನೀರನ್ನು ಹಿಡಿದು ತುಂಬ ಹೊತ್ತು ನೋಡಿದರು.

"ನೀರು ಬರುವುದಕ್ಕೆ ಹೆದರಬೇಕಾಗಿಲ್ಲ ಟೀಚರೇ, ಮಣ್ಣಿನ ಕಟ್ಟ ಸ್ವಲ್ಪ ಬೆವರುವುದು ಉಂಟು. ನೀರಿನೊಟ್ಟಿಗೆ ಮಣ್ಣು ಬಂದರೆ ಮಾತ್ರ ಒಳಗಿಂದ ಕರಗ್ತಾ ಉಂಟು ಅಂತ ಲೆಕ್ಕ" ಎಂದರು.

ತಮ್ಮ ಪರಿವೀಕ್ಷಣೆ ಪ್ರತಿ ವರ್ಷ ಏಪ್ರಿಲಿನಲ್ಲಿ ನಡೆಯುತ್ತದೆ. ಆಗ ದಾರಿ ಒಣಗಿರುತ್ತದೆ, ಜೀಪು ಹೂತುಹೋಗುವುದಿಲ್ಲ. ಅಣೆಕಟ್ಟಿನ ಹಿಂದಿನ ಕೆರೆಯ ತಳವೂ ಒಣಗಿರುತ್ತದೆ ಎಂಬುದು ಬೇರೆ ಮಾತು. ಖಾಲಿ ಕೊಡ ಸೋರುತ್ತದೆಯೇ? ರಿಜಿಸ್ಟರಿನಲ್ಲಿ "ಸೋರಿಕೆ ಇಲ್ಲ" ಎಂದು ಏಳು ಸಲ ಬರೆದಿದ್ದೀರಿ, ಏಳೂ ಸಲ ಅದು ನಿಜ. ಒಂದು ವರ್ಷ ತಮ್ಮ ಸಹಾಯಕರನ್ನು ತಡೆದು, ಕೆಳಗಿಳಿದು ಇನ್ನೂ ಪಸೆ ಆರದ ಆ ಒದ್ದೆ ನೆಲವನ್ನೊಮ್ಮೆ ನೋಡಿ ಎಂದು ಬೇಡಿದೆ. ಅವರು ಮೇಲಿನಿಂದಲೇ ಕೊಡೆಯ ತುದಿ ತೋರಿಸಿ, ಅದು ಯೋಜನೆಯ ಯಶಸ್ಸು, ಅಂತರ್ಜಲ ಮೇಲೆ ಬಂದಿದೆ ಎಂದರು. ನನ್ನದೇ ಪಾಠವನ್ನು ನನಗೇ ಒಪ್ಪಿಸಿದರು. ಬೊಂಡದ ಎಳನೀರು ಕುಡಿದು ಹೊರಡುವಾಗ ಗುಣವತಿ ಕೊಟ್ಟ ಎರಡು ಕಟ್ಟು ಬಸಳೆಯನ್ನು ಜೀಪಿಗೆ ಹಾಕಿಸಿಕೊಂಡರು. ಸೋರಿಕೆ ಇಲ್ಲವೆಂದು ಬರೆದ ದಿನವೇ ಆ ಸೋರಿಕೆಯಲ್ಲಿ ಬೆಳೆದದ್ದನ್ನು ಸಾಂಬಾರು ಮಾಡಿ ಉಂಡಿರಬೇಕು. ಚೆನ್ನಾಗಿತ್ತೆಂದು ನಂಬಿದ್ದೇನೆ.

ಕಳೆದ ವರ್ಷ ಜೂನ್ ಕೊನೆಯಲ್ಲಿ ಆ ನೀರು ಚಹದ ಬಣ್ಣಕ್ಕೆ ತಿರುಗಿತು. ನಾನು ಅದನ್ನು ಒಂದು ಸೋಡಾ ಬಾಟಲಿಯಲ್ಲಿ ತುಂಬಿಸಿ, ತಾರೀಕಿನ ಚೀಟಿ ಅಂಟಿಸಿ, ಬಸ್ಸು ಹತ್ತಿ ಉಡುಪಿಗೆ ಬಂದು ತಮ್ಮ ಕಛೇರಿಯಲ್ಲಿ ಒಪ್ಪಿಸಿದೆ. ನೀರಿನಲ್ಲಿ ಅಣೆಕಟ್ಟಿನ ಮಣ್ಣು ಬರುತ್ತಿದೆ, ದಯವಿಟ್ಟು ಪರೀಕ್ಷಿಸಿ ಎಂದು ಅರ್ಜಿಯನ್ನೂ ಬರೆದೆ. ಎರಡು ತಿಂಗಳ ಮೇಲೆ ಉತ್ತರ ಬಂತು. "ಮಾದರಿಯನ್ನು ಪರೀಕ್ಷಿಸಲಾಗಿ, ಸದರಿ ನೀರನ್ನು ಕುದಿಸಿ ಸೋಸಿ ಕುಡಿಯಲು ಅಡ್ಡಿಯಿಲ್ಲ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಕೇಳಿದ್ದೆ. ಆ ಬರೆಗೆ ಮೊಹರು, ಸಹಿ, ಕಡತದ ಸಂಖ್ಯೆ ಎಲ್ಲ ಇರುತ್ತದೆ ಎಂದು ಗೊತ್ತಿರಲಿಲ್ಲ.

ಆ ಉತ್ತರಕ್ಕಾಗಿ ಅಣೆಕಟ್ಟು ಕಾಯಲಿಲ್ಲ. ಜುಲೈ ಎರಡನೆಯ ವಾರದ ಮಂಗಳವಾರ, ಬೆಳಗ್ಗಿನ ಎರಡನೆಯ ಪೀರಿಯಡ್ಡಿನಲ್ಲಿ ಗುಣವತಿ ಓಡಿ ಬಂದಳು. ಬೆರಳಿನಷ್ಟು ಬರುತ್ತಿದ್ದ ನೀರು ಮಣಿಕಟ್ಟಿನಷ್ಟು ದಪ್ಪವಾಗಿ, ರಕ್ತದಷ್ಟು ಕೆಂಪಾಗಿ ಬುಗ್ಗೆಯೇಳುತ್ತಿತ್ತು. ನಾನು ಮಕ್ಕಳನ್ನು ಗುಡ್ಡದ ಮೇಲಿನ ಗೇರುಮರಗಳ ಕೆಳಗೆ ಕಳಿಸಿ, ಫೋನಿರುವ ಸಹಕಾರಿ ಸೊಸೈಟಿಗೆ ಓಡಿಹೋಗಿ ತಮ್ಮ ಕಛೇರಿಗೆ ಟ್ರಂಕ್ ಕಾಲ್ ಮಾಡಿದೆ. ತೂಬು ತೆರೆಯಬೇಕು, ಹಿಡಿ ಕಳಿಸಿ ಎಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಬರವಣಿಗೆಯಲ್ಲಿ ಕೊಡಿ ಎಂದು ಒಬ್ಬರು ಬಹಳ ಸೌಜನ್ಯದಿಂದ ಹೇಳಿ ಫೋನ್ ಇಟ್ಟರು.

ಹಿಂದಿರುಗಿ ಬಂದಾಗ ಅಣ್ಣು ಕೆಲಸ ಶುರು ಮಾಡಿದ್ದರು. ಬುಗ್ಗೆಯ ಬಾಯನ್ನು ಮಣ್ಣಿನಿಂದ ಮುಚ್ಚಲು ಹೊರಟ ಗಂಡಸರನ್ನು ಬೈದು ಹಿಂದೆ ಸರಿಸಿದ್ದರು. ಮುಚ್ಚಿದರೆ ನೀರು ಇನ್ನೊಂದು ದಾರಿ ಹುಡುಕುತ್ತದೆ. ನೀರು ಬರಬೇಕು, ಮಣ್ಣು ಬರಬಾರದು. ಮೊದಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು. ಶಾಲೆಯ ಹೊಸ ಕೋಣೆಗೆಂದು ತಂದು ಹಾಕಿದ್ದ ಮರಳು, ಜಲ್ಲಿ, ಕೆಂಪುಕಲ್ಲುಗಳನ್ನು ಕೊಡಲೇ ಎಂದು ನಾನು ಯಾರ ಅನುಮತಿಯನ್ನೂ ಕೇಳಲಿಲ್ಲ. ಹೆಂಗಸರು ಬುಟ್ಟಿಯಲ್ಲಿ ಹೊತ್ತರು. ಚಪ್ಪರ ಅಡ್ಡ ಬಂದಾಗ ಗುಣವತಿಯೇ ಕತ್ತಿಯಿಂದ ಕಡಿದು ಬಸಳೆಯ ಮೇಲೆ ಮರಳು ಸುರಿದಳು. ಮಧ್ಯಾಹ್ನದ ಹೊತ್ತಿಗೆ ನೀರು ಚಹದ ಬಣ್ಣಕ್ಕೆ ಬಂತು, ನಾಲ್ಕು ಗಂಟೆಗೆ ತಿಳಿಯಾಯಿತು. ಅಣ್ಣು ಬೊಗಸೆಯಲ್ಲಿ ಹಿಡಿದು ನೋಡಿ, ಇನ್ನು ಚಹ ಕುಡಿಯಬಹುದು ಎಂದರು.

ಗುಡ್ಡಕ್ಕೆ ಹೋಗಿ ಮಕ್ಕಳನ್ನು ಎಣಿಸಿದೆ. ಐವತ್ತೆರಡರಲ್ಲಿ ಐವತ್ತೊಂದು. ಮೂರು ಸಲ ಎಣಿಸಿದರೂ ಅಷ್ಟೇ. ಮೂರನೆಯ ತರಗತಿಯ ಕುಶಲಾ ಇರಲಿಲ್ಲ. ಕೊನೆಗೆ ಅವಳು ಸಿಕ್ಕಿದ್ದು ಅಣೆಕಟ್ಟಿನ ಬುಡದಲ್ಲಿ, ಹೆಂಗಸರ ಸಾಲಿನ ಹಿಂದೆ. ಪುಸ್ತಕಗಳನ್ನು ತೆಗೆದಿಟ್ಟು ಶಾಲೆಯ ಚೀಲದಲ್ಲಿ ಇನ್ನೂ ಮರಳು ಹೊರುತ್ತಿದ್ದಳು. ಅವಳಿಗೆ ಒಂದು ಪೆಟ್ಟು ಕೊಟ್ಟೆ, ಆಮೇಲೆ ಅಲ್ಲೇ ಕೆಸರಿನಲ್ಲಿ ಕುಳಿತು ಅತ್ತುಬಿಟ್ಟೆ. ತಾವು ತೆರವು ಮಾಡಿಸಲು ಹೊರಟಿರುವ ಅನಧಿಕೃತ ಸಂಗ್ರಹದಲ್ಲಿ ಆ ಮಗುವಿನ ಚೀಲದ ಮರಳೂ ಇದೆ.

ಒಂದು ವಿಷಯದಲ್ಲಿ ತಮ್ಮನ್ನು ಅಭಿನಂದಿಸಬೇಕು. ಈ ಏಪ್ರಿಲಿನಲ್ಲಿ ತಮ್ಮವರು ಕೊನೆಗೂ ಕೆಳಗಿಳಿದರು. ರಾಶಿಯ ಉದ್ದ ಅಗಲ ಎತ್ತರಗಳನ್ನು ಟೇಪು ಹಿಡಿದು ಅಳೆದರು. ಅದು ಯಾಕೆ ಅಲ್ಲಿದೆ ಎಂದು ಮಾತ್ರ ಕೇಳಲಿಲ್ಲ. ಅಣ್ಣು ತಾವಾಗಿ ಹೇಳಲು ಹೋದಾಗ, ಅಣೆಕಟ್ಟಿನ ವಿಷಯ ನಿಮಗೇನು ಗೊತ್ತು ಎಂದರಂತೆ.

ಆದ್ದರಿಂದ ಬೇಡಿಕೆ ಇಷ್ಟು. ನೋಟೀಸನ್ನು ಹಿಂದಕ್ಕೆ ಪಡೆಯಿರಿ. ತೂಬಿನ ಹಿಡಿಯನ್ನು ಮಳೆ ಹಿಡಿಯುವ ಮೊದಲು ಅಣ್ಣುವಿನ ಕೈಗೆ ಕೊಡಿ, ಅಣೆಕಟ್ಟು ದುರಸ್ತಿಯಾಗುವವರೆಗೆ ಅವರು ಕೆರೆ ತುಂಬದಂತೆ ನೋಡಿಕೊಳ್ಳುತ್ತಾರೆ. ಮತ್ತು ಕೆರೆಯಲ್ಲಿ ನೀರಿರುವ ತಿಂಗಳಿನಲ್ಲಿ, ಚಪ್ಪಲಿ ಕೆಸರಾದರೂ ಬೇಸರಿಸದ ಒಬ್ಬ ಇಂಜಿನಿಯರನ್ನು ಕಳಿಸಿ.

ಕೊಡದಿದ್ದರೆ ಈ ಟೀಚರು ಏನು ಮಾಡಿಯಾಳು ಎಂದು ತಾವು ನಗಬಹುದು. ಕಳೆದ ವರ್ಷ ಬಂದ ನಿಯಮದಂತೆ, ಶಾಲೆ ಶುರುವಾಗುವ ಮೊದಲು ಪ್ರತಿ ಮೇ ತಿಂಗಳಿನಲ್ಲಿ ಮುಖ್ಯೋಪಾಧ್ಯಾಯರು ಒಂದು ಪ್ರಮಾಣಪತ್ರ ಕೊಡಬೇಕು: "ಶಾಲಾ ಕಟ್ಟಡ ಹಾಗೂ ಸುತ್ತಲಿನ ಪರಿಸರವು ಮಕ್ಕಳಿಗೆ ಸುರಕ್ಷಿತವಾಗಿದೆ." ಕಳೆದ ವರ್ಷ ಅಣ್ಣುವಿನ ಮಾತು ಕಿವಿಯಲ್ಲಿದ್ದೂ, ಒದ್ದೆ ನೆಲ ಕಣ್ಣೆದುರಿಗೇ ಇದ್ದೂ, ಸುಮ್ಮನೆ ಯಾಕೆ ಗಲಾಟೆ ಎಂದು ನಾನು ಸಹಿ ಹಾಕಿದೆ. ತಮ್ಮ ಏಳು ಸಹಿಗಳಿಗೂ ನನ್ನ ಒಂದು ಸಹಿಗೂ ಏನೂ ವ್ಯತ್ಯಾಸವಿಲ್ಲ. ನನಗೆ ಅದರಿಂದ ನಾಚಿಕೆಯಾಗಿದೆ.

ಈ ಪತ್ರದ ಒಂದು ಪ್ರತಿ ಪತ್ರಿಕೆಗೆ ಹೋಗಿದೆ, ಮೂಲಪ್ರತಿಯೊಂದಿಗೆ ಈ ವರ್ಷದ ಪ್ರಮಾಣಪತ್ರವನ್ನು ತಮಗೇ ಕಳಿಸಿದ್ದೇನೆ. ಮುಖ್ಯೋಪಾಧ್ಯಾಯರ ಸಹಿ ಎಂದಿದ್ದಲ್ಲಿ ಗೆರೆ ಎಳೆದು ತಮ್ಮ ಹುದ್ದೆಯ ಹೆಸರು ಬರೆದಿದ್ದೇನೆ. ಹಿಂಬದಿಯಲ್ಲಿ ಐವತ್ತೆರಡು ಮಕ್ಕಳ ಹೆಸರುಗಳಿವೆ, ಎಲ್ಲವನ್ನೂ ಓದಿ ಸಹಿ ಹಾಕಿ. ಆಮೇಲೆ ಜುಲೈಯಲ್ಲಿ, ಮೂರು ದಿನ ಬಿಡದೆ ಮಳೆ ಹೊಯ್ದ ಮೇಲೆ, ಒಂದು ದಿನ ಬಂದು ನನ್ನ ಕುರ್ಚಿಯಲ್ಲಿ ಕುಳಿತು ಆ ಮಕ್ಕಳಿಗೆ ಪಾಠ ಮಾಡಿ. ಸಾಯಂಕಾಲ ಗಂಟೆ ಹೊಡೆಯುವವರೆಗೆ ಕುಳಿತರೆ ಸಾಕು.

ಇಂತಿ,
ಕಳೆದ ವರ್ಷ ಸುಳ್ಳಿಗೆ ಸಹಿ ಹಾಕಿದ,
ಪ್ರಭಾವತಿ
(ಈ ಪತ್ರ ಅಚ್ಚಾಗುವವರೆಗಂತೂ) ಮುಖ್ಯೋಪಾಧ್ಯಾಯಿನಿ,
ಕುಂಟಲಪಲ್ಕೆ, ಕಾರ್ಕಳ ತಾಲೂಕು
ಮೇ ೧೨, ೧೯೮೪